ಟವೆಲ್ ಹೊದ್ದ ಶ್ರುತಿಪೆಟ್ಟಿಗೆ

ಮೃದಂಗದ ಚೀಲದ ಹಿಂದೆ ಟವೆಲ್ ಹೊದಿಸಿಟ್ಟ ಇನ್ನೊಂದು ಶ್ರುತಿಪೆಟ್ಟಿಗೆ ಕಣ್ಣಿಗೆ ಬಿದ್ದ ದಿನ ನನಗೆ ಖಾತ್ರಿಯಾಯಿತು, ಇವರೆಲ್ಲ ಸೇರಿ ನನ್ನನ್ನು ಎತ್ತಂಗಡಿ ಮಾಡುತ್ತಿದ್ದಾರೆ ಎಂದು. ಅದೂ ನಾನೇ ರಚಿಸಿದ ಸಂಗೀತದಿಂದ.

ಶ್ರುತಿಪೆಟ್ಟಿಗೆ ಎಂದರೆ ಈಗ ತಂಬೂರಿಯ ಬದಲಿಗೆ ಎಲ್ಲರೂ ಇಟ್ಟುಕೊಳ್ಳುವ ಕರೆಂಟಿನ ಡಬ್ಬ. ಸಾ, ಪಾ, ಸಾ ಎಂದು ಒಂದೇ ಸಮ ನುಡಿಯುತ್ತಿರುತ್ತದೆ. ಹಾಡುವವರು, ಪಿಟೀಲಿನವರು, ಮೃದಂಗದವರು ಎಲ್ಲರೂ ಅದಕ್ಕೇ ಹೊಂದಿಕೊಳ್ಳಬೇಕು. ಒಂದು ಗುಂಪಿಗೆ ಒಂದು ಡಬ್ಬ ಸಾಕು. ನಮ್ಮ ಗುಂಪಿನ ಡಬ್ಬ ಪಿಟೀಲು ನುಡಿಸುವ ನನ್ನದು. ನನ್ನ ಬಲಮಂಡಿಯ ಪಕ್ಕ ಅದರ ಜಾಗ. ಹಾಗಿರುವಾಗ ಎರಡನೆಯದು ಯಾಕೆ ಬಂತು? ಒಂದೇ ಮನೆಯಲ್ಲಿ ಎರಡು ಒಲೆ ಉರಿಯುತ್ತಿವೆ ಎಂದರೆ ಮನೆ ಪಾಲಾಗಿದೆ ಎಂದೇ ಅರ್ಥ. ಅಭ್ಯಾಸದ ನಡುವೆ ಎಲ್ಲರೂ ಟೀ ಕುಡಿಯಲು ಕೆಳಗೆ ಹೋಗುವ ತನಕ ಕಾದೆ. ಆಮೇಲೆ ಟವೆಲ್ ಸರಿಸಿ ಗುಂಡಿ ತಿರುಗಿಸಿದೆ. ಅದು ನನ್ನ ಡಬ್ಬಕ್ಕಿಂತ ಒಂದೆಳೆ ಕೆಳಗಿತ್ತು. ಒಂದು ಸ್ವರವಲ್ಲ, ಅರ್ಧ ಸ್ವರವೂ ಅಲ್ಲ, ಬರೀ ಒಂದೆಳೆ. ಅಷ್ಟು ಸಣ್ಣ ವ್ಯತ್ಯಾಸವನ್ನು ಯಾರೂ ಕೈತಪ್ಪಿ ಇಡುವುದಿಲ್ಲ, ಬೇಕೆಂದೇ ಇಡುತ್ತಾರೆ. ಅಂದರೆ ಬೇರೆ ಯಾರೋ ಪಿಟೀಲಿನವರು ಬರುತ್ತಿದ್ದಾರೆ, ನಾನಿಲ್ಲದಾಗ ಇವರು ಅವರ ಶ್ರುತಿಗೆ ಅಭ್ಯಾಸ ಮಾಡುತ್ತಿದ್ದಾರೆ. ಟವೆಲನ್ನು ಮೊದಲಿದ್ದ ಮಡಿಕೆಯಲ್ಲೇ ಹೊದಿಸಿ, ನನ್ನ ಜಾಗಕ್ಕೆ ಬಂದು ಕುಳಿತು, ಏನೂ ಗೊತ್ತಿಲ್ಲದವಳಂತೆ ಕಮಾನಿಗೆ ರಾಳ ಉಜ್ಜತೊಡಗಿದೆ.

ನನ್ನನ್ನು ಅನುಮಾನದ ಪಿಶಾಚಿ ಎನ್ನುವವರಿದ್ದಾರೆ. ಎನ್ನಲಿ. ಆ ಪಿಶಾಚಿಯನ್ನು ನಾನು ಹುಟ್ಟುವಾಗಲೇ ಹೊತ್ತು ತಂದದ್ದಲ್ಲ. ನಮ್ಮ ತಂದೆ ವಿಮಾ ಕಂಪನಿಯಲ್ಲಿ ಗುಮಾಸ್ತರು. ನಾನು ಬೆಳೆದದ್ದು ಜೀವನ್ ಬಿಮಾ ನಗರದ ಕ್ವಾರ್ಟರ್ಸ್‌ನಲ್ಲಿ. ತಲೆಯ ಮೇಲೆ ವಿಮಾನ ಹಾರಿದಾಗ ಕಮಾನು ಎತ್ತಿ ಹಿಡಿದು, ಅದು ದಾಟಿಹೋದ ಮೇಲೆ ಬಿಟ್ಟ ಸ್ವರದಿಂದಲೇ ಮುಂದುವರಿಸುವುದು ನಮ್ಮ ಮನೆಯ ಪಾಠದ ಕ್ರಮ. ನನ್ನ ಮೊದಲ ಪಿಟೀಲನ್ನು ಅಪ್ಪ ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡರು. "ಅಸ್ಲೀ ಜರ್ಮನ್ ಮಾಲ್, ಸಾಬ್" ಎಂದನಂತೆ ಅಂಗಡಿಯವನು. ಪಿಟೀಲಿನ ಹೊಟ್ಟೆಯೊಳಗೆ ಅಂಟಿಸಿದ್ದ ಚೀಟಿಯೂ ಹಾಗೇ ಹೇಳುತ್ತಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಚೀಟಿ ಉದುರಿತು, ಅದರ ಕೆಳಗೆ ಬೇರೆ ಊರಿನ ಚೀಟಿ ಕಂಡಿತು. ನನ್ನ ನಿಜವಾದ ವಿದ್ಯಾಭ್ಯಾಸ ಅಲ್ಲಿಂದ ಶುರು.

ಇಪ್ಪತ್ತು ದಾಟುವ ಹೊತ್ತಿಗೆ ಕಚೇರಿಗಳಿಗೆ ಪಕ್ಕವಾದ್ಯ ನುಡಿಸಲು ಸಿದ್ಧಳಾಗಿದ್ದೆ. ಆದರೆ ದೊಡ್ಡ ವಿದ್ವಾಂಸರಲ್ಲಿ ಅನೇಕರಿಗೆ ಹೆಂಗಸಿನ ಪಕ್ಕವಾದ್ಯ ಒಗ್ಗುತ್ತಿರಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಮರ್ಯಾದಸ್ಥರು. ಹಲಸೂರಿನಲ್ಲಿ ಒಂದು ರಾಮೋತ್ಸವದ ಕಚೇರಿಗೆ ಆಹ್ವಾನಪತ್ರಿಕೆಯಲ್ಲಿ ನನ್ನ ಹೆಸರೇ ಅಚ್ಚಾಗಿತ್ತು. ರೇಷ್ಮೆ ಸೀರೆ ಉಟ್ಟು, ಅಪ್ಪನ ಜೊತೆ ಆಟೋದಲ್ಲಿ ಹೋಗಿ ಇಳಿದರೆ, ವೇದಿಕೆಯ ಮೇಲೆ ಬೇರೊಬ್ಬರು ಕುಳಿತು ತಂತಿ ಬಿಗಿಯುತ್ತಿದ್ದರು. "ನಿಮಗೆ ಹುಷಾರಿಲ್ಲ ಅಂತ ಯಾರೋ ಹೇಳಿದ್ರಮ್ಮ" ಎಂದರು ಕಾರ್ಯದರ್ಶಿಗಳು, ನನ್ನ ಮುಖವನ್ನೇ ನೋಡುತ್ತ. ಆಮೇಲೆ ಅವರೇ ನಿಂತು ನಮಗೆ ಪಾನಕ, ಕೋಸಂಬರಿ ಕೊಡಿಸಿದರು. ಅಪ್ಪ ಕುಡಿದರು, ನಾನೂ ಕುಡಿದೆ. ತೆಗೆಯುವವರು ಮುಂಚಿತವಾಗಿ ಹೇಳುವುದಿಲ್ಲ, ಉಪಚಾರ ಮಾಡುತ್ತಾರೆ ಎಂಬುದು ಅವತ್ತಿನಿಂದ ನನಗೆ ಗೊತ್ತು.

ಕಚೇರಿಯ ಬಾಗಿಲು ಹೀಗೆ ಅರ್ಧ ಮುಚ್ಚಿದಾಗ ಬೇರೆ ಬಾಗಿಲುಗಳನ್ನು ತಟ್ಟಿದೆ. ಭರತನಾಟ್ಯದ ಹಿಮ್ಮೇಳಕ್ಕೆ ನುಡಿಸಿದೆ. ನುಡಿಸುತ್ತ ನುಡಿಸುತ್ತ, ಇವರು ಹಾಕುವ ಹೆಜ್ಜೆಗೆ ಇವರು ಇಟ್ಟುಕೊಂಡಿರುವ ಸಂಗೀತ ಸಾಲದು ಅನ್ನಿಸಿ ನಾನೇ ರಚಿಸತೊಡಗಿದೆ. ಆಮೇಲೆ ನಾಟಕದವರು ಕರೆದರು, ಗೊಂಬೆಯಾಟದವರು ಕರೆದರು. ಚಿತ್ರಕಾರರೊಬ್ಬರು ತಮ್ಮ ಪ್ರದರ್ಶನದಲ್ಲಿ ಖಾಲಿ ಬಿಟ್ಟ ಕೋಣೆಯೊಂದಕ್ಕೆ ಸಂಗೀತ ಬೇಕು ಎಂದರು. ಖಾಲಿ ಕೋಣೆಗೆ ಎಂಥ ಸಂಗೀತ ಎಂದು ತಲೆ ಕೆರೆದುಕೊಂಡು, ಕೊನೆಗೆ ದಪ್ಪ ತಂತಿಯೊಂದರ ಮೇಲೆ ತೋಡಿ ರಾಗದ ನಾಲ್ಕೇ ಸ್ವರಗಳನ್ನು ಎಳೆದೆಳೆದು ನುಡಿಸಿಕೊಟ್ಟೆ. ಜನ ಗೋಡೆಗೆ ಒರಗಿ ನಿಂತು ಕೇಳಿದರು. ಸಂಗೀತ ಸಭೆಗಳವರು ನನ್ನನ್ನು ನಾಟಕದ ಪಿಟೀಲು ಎಂದರು, ನಾಟಕದವರು ಕಚೇರಿ ಅಮ್ಮ ಎಂದರು. ಎರಡು ಕಡೆಯವರೂ ನನ್ನನ್ನು ಪೂರ್ತಿ ನಂಬಲಿಲ್ಲ, ನಾನೂ ಅವರನ್ನು ನಂಬಲಿಲ್ಲ. ಆದರೂ ಕೆಲಸ ತಪ್ಪಲಿಲ್ಲ, ಮಾಡಿದ ಕೆಲಸದಲ್ಲಿ ಸಂತೋಷವೂ ಇತ್ತು.

ಈಗ ಹೇಳುತ್ತಿರುವುದು ಹಲಸೂರು ಕೆರೆಯನ್ನು ಕುರಿತು ಮಾಡಿದ ನೃತ್ಯದ ವಿಷಯ. ಇಂದಿರಾನಗರದಲ್ಲಿ ಮಹಡಿಯ ಮೇಲೆ ನೃತ್ಯಶಾಲೆ ನಡೆಸುವ, ನಲವತ್ತರ ಆಸುಪಾಸಿನ ನರ್ತಕಿಯೊಬ್ಬಳು ನನ್ನ ಬಳಿ ಬಂದಳು. ಕೆರೆಯ ಸುತ್ತ ಇರುವ ಗುಡಿ, ಗುರುದ್ವಾರ, ಚರ್ಚು, ಸಿಪಾಯಿಗಳು, ಬಟ್ಟೆ ಒಗೆಯುವವರು ಎಲ್ಲ ಬರಬೇಕು, ಒಂದು ಗಂಟೆ ಇರಬೇಕು, ಸಂಗೀತ ಪೂರ್ತಿ ನಿಮ್ಮದು ಎಂದಳು. ಪೂರ್ತಿ ನಿಮ್ಮದು ಎನ್ನುವವರನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ. ಆದರೆ ಕೆಲಸ ಒಳ್ಳೆಯದು, ಒಪ್ಪಿಕೊಂಡೆ. ಚರ್ಚಿನ ಭಾಗಕ್ಕೆ ಪಿಯಾನೊ ಬೇಕೇ ಬೇಕು ಎಂದು ಅವಳು ಹಟ ಹಿಡಿದಳು, ಅದಕ್ಕೂ ಒಪ್ಪಿ ಶಂಕರಾಭರಣದಲ್ಲಿ ಒಂದು ದೊಡ್ಡ ಭಾಗ ರಚಿಸಿದೆ. ಬೆಳಗಿನ ಹೊತ್ತಿನ ಕೆರೆಯ ಭಾಗವನ್ನು ಪಿಟೀಲು, ಪಿಯಾನೊ ಎರಡಕ್ಕೇ ಬರೆದೆ. ಅರವತ್ತು ದಾಟಿದ ಮೇಲೆ ಅಷ್ಟು ಆಸೆಪಟ್ಟು ಮಾಡಿದ ಕೆಲಸ ಇನ್ನೊಂದಿಲ್ಲ. ನನ್ನದು ಒಂದೇ ಷರತ್ತು, ಪಿಟೀಲನ್ನು ನಾನೇ ನುಡಿಸಬೇಕು.

ಹಿಮ್ಮೇಳದಲ್ಲಿ ನನ್ನ ಜೊತೆ ಇಬ್ಬರು. ಮೃದಂಗದವನು ಜೋಗುಪಾಳ್ಯದವನು, ನನಗಿಂತ ಕೆಲವು ವರ್ಷ ಚಿಕ್ಕವನು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು, ನನ್ನ ಹತ್ತಿರ ಕನ್ನಡ. ನಾನು ಸಭೆಗಳನ್ನು ಬಿಟ್ಟಾಗಿನಿಂದ ನನ್ನ ಜೊತೆಗೇ ಇದ್ದಾನೆ. ಹಾಡುವವಳು ನನ್ನ ಶಿಷ್ಯೆ. ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ತಂದೆತಾಯಿಯ ಜೊತೆ ಗರುಡಾಚಾರ್‌ಪಾಳ್ಯದ ಬಾಡಿಗೆ ಕೋಣೆಯಲ್ಲಿ ಬೆಳೆದವಳು. ಈಗ ಮದುವೆಯಾಗಿ ಕೆ.ಆರ್.ಪುರದಲ್ಲಿದ್ದಾಳೆ, ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಾಳೆ. ಇವರಿಬ್ಬರನ್ನೂ ನಂಬಿದ್ದೆ ಎಂದು ಹೇಳಲಾರೆ. ಆದರೆ ಉಳಿದವರಿಗಿಂತ ಕಡಿಮೆ ಅನುಮಾನಿಸುತ್ತಿದ್ದೆ.

ಟವೆಲ್ ಹೊದ್ದ ಡಬ್ಬ ಕಂಡ ಮೇಲೆ ಹಿಂದಿನದೆಲ್ಲ ಒಂದೊಂದಾಗಿ ನೆನಪಾಯಿತು. ನನ್ನ ಶ್ರುತಿಪೆಟ್ಟಿಗೆಯ ಸದ್ದನ್ನು ಯಾರಾದರೊಬ್ಬರು ಸದಾ ತಗ್ಗಿಸುತ್ತಿದ್ದರು. "ಅಕ್ಕ, ಸೌಂಡ್ ಜಾಸ್ತಿ ಆಯ್ತು, ಮೈಕ್‌ಗೆ ಹೊಡೀತದೆ" ಎನ್ನುತ್ತಿದ್ದ ಮೃದಂಗದವನು. ಅದು ನನ್ನೊಬ್ಬಳಿಗೆ ಕೇಳುವಷ್ಟು ಇಳಿದ ಮೇಲೇ ಅವನಿಗೆ ಸಮಾಧಾನ. ಮೃದಂಗದ ಮುಚ್ಚಿಗೆಯನ್ನು ತಟ್ಟಿ ಶ್ರುತಿ ಸೇರಿಸಲು ಅವನು ಈಚೆಗೆ ಬಾಲ್ಕನಿಗೆ ಹೋಗುತ್ತಿದ್ದ. "ಒಳಗೆ ಎಲ್ರೂ ಮಾತಾಡ್ತಾರೆ, ಕೇಳ್ಸಲ್ಲ" ಅಂತೆ. ಬಾಲ್ಕನಿಯ ಕೆಳಗೆ ಇಡೀ ಇಂದಿರಾನಗರದ ಟ್ರಾಫಿಕ್ಕು ಹಾರನ್ ಹೊಡೆಯುತ್ತಿರುತ್ತದೆ! ಶಿಷ್ಯೆಯ ಫೋನಿನಲ್ಲಿ ಒಂದು ದಿನ ವಾಟ್ಸಾಪ್ ಗುಂಪಿನ ಹೆಸರು ಕಂಡಿತು, 'ಕೆರೆ ೨' ಎಂದು. ನಾನು ಇದ್ದದ್ದು 'ಕೆರೆ' ಎಂಬುದರಲ್ಲಿ ಮಾತ್ರ. ಇನ್ನು ನರ್ತಕಿ. ಅವಳು ನನ್ನನ್ನು ಆಂಟಿ ಎಂದು ಕರೆಯುತ್ತಾಳೆ, ನನಗೆ ಮೈಯುರಿಯುತ್ತದೆ. ಈಚೆಗೆ ಅವಳು ಮೇಡಂ ಎನ್ನತೊಡಗಿದ್ದಳು. ಅದು ಇನ್ನೂ ಕೆಟ್ಟ ಲಕ್ಷಣ.

ಮೊದಲು ಶಿಷ್ಯೆಯನ್ನು ಹಿಡಿದೆ. ಮನೆಗೆ ಕರೆದು, ಉಪ್ಪಿಟ್ಟು ಕೊಟ್ಟು, ಅವಳು ಎರಡು ತುತ್ತು ತಿನ್ನುವ ತನಕ ಬಿಟ್ಟು ಕೇಳಿದೆ.

"ಹೊಸ ಪಿಟೀಲಿನವರು ಹೇಗ್ ನುಡಿಸ್ತಾರೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಚಮಚ ತಟ್ಟೆಗೆ ಬಿತ್ತು.

"ಯಾರ್ರೀ ಅಮ್ಮಾ? ಯಾರೂ ಇಲ್ರೀ."

"ಹಾಗಾದ್ರೆ ಎರಡನೇ ಶ್ರುತಿಪೆಟ್ಟಿಗೆ ಯಾರ್ದು?"

"ಅದು ಮೃದಂಗದ ಸರ್ ಅವರ್ದು. ಸುಮ್ನ ಇಟ್ಕೊಂಡಾರ್ರೀ."

"ಸುಮ್ನೆ ಇಟ್ಕೊಂಡಿದ್ದಕ್ಕೆ ಟವೆಲ್ಯಾಕೆ?"

"ಧೂಳ ಕೂಡ್ತದಂತ್ರೀ."

ಧೂಳಂತೆ! ಅವಳು ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು, ಕಣ್ಣು ತುಂಬಿಕೊಂಡು ಎದ್ದು ಹೋದಳು. ಏನೂ ಮಾಡದವರು ಯಾಕೆ ಅಳುತ್ತಾರೆ ಎಂದು ನಾನು ತಟ್ಟೆ ತೊಳೆಯುತ್ತ ಯೋಚಿಸಿದೆ.

ಆಮೇಲೆ ಅಭ್ಯಾಸಕ್ಕೆ ಹೇಳಿದ ಹೊತ್ತಿಗಿಂತ ಬೇಗ ಹೋಗತೊಡಗಿದೆ. ಒಂದು ದಿನ ನೃತ್ಯಶಾಲೆಯ ಮೆಟ್ಟಿಲು ಹತ್ತುವಾಗ ಒಳಗೆ ನರ್ತಕಿ ಫೋನಿನಲ್ಲಿ ಮಾತನಾಡುತ್ತಿದ್ದಳು. "ಪಿಯಾನೊ ಬಂದ್ಮೇಲೆ ಹೇಗೂ ಗೊತ್ತಾಗತ್ತೆ. ಅಷ್ಟರೊಳಗೆ ಆಂಟಿಗೆ ಯಾರ್ ಹೇಳ್ತೀರಾ? ನನ್ನ ಕೈಲಂತೂ ಆಗಲ್ಲ." ನಾನು ಮೆಟ್ಟಿಲ ಮೇಲೇ ನಿಂತೆ. ಪಿಟೀಲಿನ ಪೆಟ್ಟಿಗೆ ಕೈಯಲ್ಲಿ ಭಾರವಾಯಿತು. ಒಳಗೆ ಹೋಗಿ ಜಗಳ ಆಡಬಹುದಿತ್ತು. ಆಡಿದರೆ ಅವತ್ತೇ ತೆಗೆಯುತ್ತಾರೆ. ಕೆಮ್ಮಿ, ಚಪ್ಪಲಿ ಸದ್ದು ಮಾಡಿಕೊಂಡು ಒಳಗೆ ಹೋದೆ. "ಬನ್ನಿ ಮೇಡಂ" ಎಂದಳು. ನನಗೆ ಕಾಫಿ ತರಿಸಿದಳು.

ಪ್ರದರ್ಶನ ಹಲಸೂರಿನ ಒಂದು ಚರ್ಚಿಗೆ ಸೇರಿದ ಹಾಲ್‌ನಲ್ಲಿ. ಪಿಯಾನೊ ಇದ್ದದ್ದು ಅಲ್ಲೇ, ಮೂಲೆಯಲ್ಲಿ, ಮರದ ಬೀರುವಿನ ಹಾಗೆ. ಅದನ್ನು ಹೊರಗೆ ಒಯ್ಯುವಂತಿಲ್ಲ, ಹಾಗಾಗಿ ಕೊನೆಯ ದಿನಗಳ ಅಭ್ಯಾಸಕ್ಕೆ ನಾವೇ ಅಲ್ಲಿಗೆ ಹೋದೆವು. ನುಡಿಸುವವರು ದಂಡು ಪ್ರದೇಶದ ಹಳಬರು, ತೆಳ್ಳನೆಯ ಹಿರಿಯರು. ಅಲ್ಲಿನ ಎರಡು ತಲೆಮಾರಿನ ಮಕ್ಕಳಿಗೆ ಪಿಯಾನೊ ಕಲಿಸಿದವರು. ಅವರು ನನ್ನ ಎಡಕ್ಕೆ ಕುಳಿತರು. ನಾನು ನನ್ನ ಡಬ್ಬಕ್ಕೆ ತಂತಿ ಸೇರಿಸಿಕೊಂಡೆ. ಅವರು ಮೊದಲ ನಾಲ್ಕು ಸ್ವರ ನುಡಿಸಿದರು, ನಾನು ಕಮಾನು ಎಳೆದೆ. ನನ್ನ ಹಲ್ಲು ಚುಳುಕ್ ಎಂದಿತು.

"ನಿಲ್ಸಿ" ಎಂದೆ. "ನಿಮ್ಮ ಪಿಯಾನೊ ಶ್ರುತಿ ಸರಿಯಿಲ್ಲ. ಮೇಲಿದೆ."

"ಮೇಡಂ, ಟ್ಯೂನರ್ ಲಾಸ್ಟ್ ವೀಕ್ ತಾನೇ ಬಂದಿದ್ದು" ಎಂದರು ಅವರು ಮೆಲ್ಲಗೆ. "ಫುಲ್ಲಾಗಿ ಚೆಕ್ ಮಾಡ್ಬಿಟ್ಟು ಹೋದ್ರು."

"ಹಾಗಾದ್ರೆ ಆ ಟ್ಯೂನರ್ ಕಿವಿ ಸರಿಯಿಲ್ಲ."

ಯಾರಾದರೂ ನನ್ನ ಪರವಾಗಿ ಮಾತನಾಡುತ್ತಾರೆ ಎಂದು ತಿರುಗಿ ನೋಡಿದೆ. ಮೃದಂಗದವನು ತನ್ನ ಮೃದಂಗವನ್ನು ಇದೇ ಮೊದಲು ಕಂಡವನಂತೆ ನೋಡುತ್ತಿದ್ದ. ಶಿಷ್ಯೆ ತಲೆ ತಗ್ಗಿಸಿದ್ದಳು. ನರ್ತಕಿ ಮಾತ್ರ ಬಾಯಿ ಬಿಟ್ಟಳು. "ಮೇಡಂ, ನೀವೇ ಒಂಚೂರು ಏರಿಸಿ ನೋಡ್ತೀರಾ?"

"ಕುಣಿಯೋಕ್ ಬಾರದವಳು ನೆಲ ಡೊಂಕು ಅಂದ್ಲು ಅಂತ ಹೇಳ್ತಿದ್ದೀಯಾ ನನಗೆ?" ಎಂದು ಕೇಳಿ ಪೆಟ್ಟಿಗೆ ಮುಚ್ಚಿದೆ. ಮನೆಗೆ ಬರುವ ದಾರಿಯಲ್ಲಿ ಎಲ್ಲ ಸ್ಪಷ್ಟವಾಯಿತು. ಪಿಯಾನೊದವರೂ ಇವರ ಜೊತೆ ಸೇರಿದ್ದಾರೆ. ಬೇಕೆಂದೇ ಅದನ್ನು ಒಂದೆಳೆ ಏರಿಸಿ, ನನ್ನನ್ನು ಎಲ್ಲರೆದುರು ಅಪಶ್ರುತಿ ಮಾಡಿ, ಆಮೇಲೆ ನಿಮ್ಮಿಂದ ಆಗುವುದಿಲ್ಲ ಎಂದು ಕಳಿಸುವ ಉಪಾಯ. ಇದಕ್ಕೆ ಸಾಕ್ಷಿ ಬೇಕು ಎಂದುಕೊಂಡೆ.

ಸಾಕ್ಷಿ ನನ್ನ ಬೀರುವಿನಲ್ಲೇ ಇತ್ತು. ಚಿಕ್ಕವಳಿದ್ದಾಗ ನನಗೆ ಸ್ವಲ್ಪ ಕಾಲ ಪಾಶ್ಚಾತ್ಯ ಪಿಟೀಲನ್ನೂ ಕಲಿಸಿದ ಹಲಸೂರಿನ ಮೇಷ್ಟ್ರು ಕೊಟ್ಟ ಉಕ್ಕಿನ ಶ್ರುತಿಕವೆ, ಶಾಲೆಯ ವಿಜ್ಞಾನದ ಪಾಠದಲ್ಲಿ ಬರುತ್ತದಲ್ಲ, ಅದೇ. ಮಂಡಿಗೆ ಹೊಡೆದರೆ ಒಂದೇ ನಾದ ಕೊಡುತ್ತದೆ. ಡಬ್ಬವನ್ನು ತಿರುಗಿಸಬಹುದು, ಪಿಯಾನೊದ ತಂತಿ ಬಿಗಿಯಬಹುದು, ಉಕ್ಕಿನ ತುಂಡನ್ನು ಯಾರೂ ಒಲಿಸಿಕೊಳ್ಳಲಾರರು. ಮರುದಿನ ಬೆಳಿಗ್ಗೆ, ಯಾರೂ ಬರುವ ಮುಂಚೆ ಹಾಲ್‌ಗೆ ಹೋದೆ. ಕಾವಲಿನವರು ಬಾಗಿಲು ತೆಗೆದರು. ಕವೆಯನ್ನು ಮಂಡಿಗೆ ಹೊಡೆದು ಬಲಗಿವಿಗೆ ಹಿಡಿದೆ. ಎಡಗೈಯಲ್ಲಿ ಪಿಯಾನೊದ ಅದೇ ಸ್ವರದ ಮನೆ, ಅಂದರೆ ಕೀ, ಒತ್ತಿದೆ. ಎರಡೂ ಕೂಡಿದವು ಎಂದೇ ಅನ್ನಿಸಿತು. ಇದು ನನಗೆ ಬೇಕಾದ ಉತ್ತರವಲ್ಲ. ಮತ್ತೆ ಹೊಡೆದೆ, ಈ ಸಲ ಕವೆಯನ್ನು ಎಡಗೈಗೆ ಬದಲಿಸಿ ಎಡಗಿವಿಗೆ ಹಿಡಿದೆ.

ನಾದ ಮೇಲೆ ಹೋಯಿತು.

ಬಲಗಿವಿಗೆ ತಂದೆ. ಇಳಿಯಿತು. ಎಡಗಿವಿಗೆ ಒಯ್ದೆ. ಏರಿತು. ಕವೆಯನ್ನೇ ಅನುಮಾನಿಸಿ ಬೆಳಕಿಗೆ ಹಿಡಿದು ನೋಡಿದೆ, ತುಕ್ಕೂ ಇರಲಿಲ್ಲ. ಕವೆ ಕೆಳಗಿಟ್ಟು, ಪಿಯಾನೊದ ಒಂದು ಮನೆ ಒತ್ತಿ ಹಿಡಿದು, ಮೊದಲು ಎಡಗಿವಿ ಮುಚ್ಚಿ ಕೇಳಿದೆ, ಆಮೇಲೆ ಬಲಗಿವಿ ಮುಚ್ಚಿ ಕೇಳಿದೆ. ಒಂದೇ ಮನೆ, ಒಂದೇ ತಂತಿ, ನನಗೆ ಎರಡು ಸ್ವರ. ಎಷ್ಟು ವ್ಯತ್ಯಾಸ ಎಂದರೆ ಒಂದೆಳೆ. ನಾನು ಪಿಯಾನೊದ ಮುಂದಿನ ಸ್ಟೂಲಿನ ಮೇಲೆ ಕುಳಿತೆ. ಭಯವಾಯಿತು. ಬೇರೆ ಮಾತಿಲ್ಲ, ಭಯ.

ಕಿವಿಯ ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದರು. ಒಳಗಿವಿ ಸವೆದಾಗ ಹೀಗಾಗುತ್ತದಂತೆ. ನೃತ್ಯದ ವೇದಿಕೆಗಳಲ್ಲಿ ವರ್ಷಗಟ್ಟಲೆ ಎಡಗಡೆ ಸ್ಪೀಕರ್ ಇಟ್ಟುಕೊಂಡು ಕುಳಿತದ್ದೂ ಕಾರಣವಿರಬಹುದಂತೆ. ಅವರ ಯಂತ್ರವನ್ನು ನಂಬದೆ, ಕಿವಿಗೆ ಹಾಕಿದ ಹೆಡ್‌ಫೋನನ್ನು ಎಡಬಲ ಅದಲುಬದಲು ಮಾಡಿಸಿ ಮತ್ತೆ ಪರೀಕ್ಷೆ ಮಾಡಿಸಿಕೊಂಡೆ. ಎಡಗಿವಿಯೇ ಸುಳ್ಳು ಹೇಳುತ್ತಿತ್ತು. "ಇದನ್ನ ವಾಪಸ್ ಸರಿ ಮಾಡೋಕಾಗಲ್ಲ ಮೇಡಂ, ಜಾಸ್ತಿ ಆಗದ ಹಾಗೆ ನೋಡ್ಕೋಬೋದು ಅಷ್ಟೇ" ಎಂದರು. ಹೇಗಾಗುತ್ತಿತ್ತು ಎಂದು ನಾನೇ ಲೆಕ್ಕ ಹಾಕಿದೆ. ಡಬ್ಬ ಬಲಕ್ಕೆ, ಅದನ್ನು ಬಲಗಿವಿ ಕೇಳುತ್ತದೆ, ಸರಿಯಾಗಿ ಕೇಳುತ್ತದೆ. ಪಿಟೀಲು ಎಡಕ್ಕೆ, ಅದನ್ನು ಎಡಗಿವಿ ಇರುವುದಕ್ಕಿಂತ ಮೇಲೆ ಕೇಳುತ್ತದೆ. ಅದಕ್ಕೆ ನಾನು ತಂತಿಯನ್ನು ಇಳಿಸಿ ಇಳಿಸಿ, ಸರಿಯಾಯಿತು ಎಂದುಕೊಂಡು, ನಿಜವಾಗಿ ಒಂದೆಳೆ ಕೆಳಗೆ ನುಡಿಸುತ್ತಿದ್ದೆ. ಟವೆಲ್ ಹೊದ್ದ ಡಬ್ಬ ಇದ್ದದ್ದೂ ಅಷ್ಟೇ ಕೆಳಗೆ. ಅದು ಬೇರೆ ಯಾರ ಪಿಟೀಲಿನ ಶ್ರುತಿಯೂ ಅಲ್ಲ.

ಅಲ್ಲಿಂದ ನೇರವಾಗಿ ಜೋಗುಪಾಳ್ಯಕ್ಕೆ ಹೋದೆ. ಮೃದಂಗದವನು ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತಿದ್ದ. ನನ್ನನ್ನು ಕಂಡು ಎದ್ದು, ಕುರ್ಚಿ ನನಗೆ ಕೊಟ್ಟು, ತಾನು ಮೆಟ್ಟಿಲ ಮೇಲೆ ಕುಳಿತ.

"ಎಷ್ಟು ದಿವಸದಿಂದ?" ಎಂದು ಕೇಳಿದೆ.

"ಏನಕ್ಕ?"

"ನಾಟಕ ಬೇಡ. ನನ್ನ ಕಿವಿ."

ಅವನು ಟೀ ಲೋಟವನ್ನು ಪಕ್ಕಕ್ಕಿಟ್ಟ. "ಎರಡು ವರ್ಷ ಇರ್ಬೋದು ಅಕ್ಕ. ಮೊದ್ಲು ನನ್ ಮುಚ್ಚಿಗೆನೇ ಹಾಳಾಗಿದೆ ಅಂತ ಬದಲಾಯಿಸ್ದೆ. ಆಮೇಲೆ ಗೊತ್ತಾಯ್ತು. ನೀವು ಸೇರಿಸ್ಕೊಂಡಾದ್ಮೇಲೆ ಒಂದ್ ನೂಲು ಕೆಳಗೆ ನಿಂತ್ಬಿಡತ್ತೆ. ನಾನು, ಆ ಹುಡುಗಿ ಇಬ್ರೂ ಆ ಇನ್ನೊಂದ್ ಡಬ್ಬ ಇಟ್ಕೊಂಡು ಅಲ್ಲಿಗೇ ಇಳಿದ್ಬಿಡ್ತೀವಿ. ಎಲ್ರೂ ಇಳಿದ್ರೆ ಕೇಳೋರಿಗೆ ಸರಿ ಇರತ್ತೆ. ನಿಮ್ ಡಬ್ಬ ಒಂದೇ ಸೇರಲ್ಲ, ಅದಕ್ಕೇ ಅದ್ರ ಸೌಂಡ್ ಕಮ್ಮಿ ಮಾಡೋದು. ಎಷ್ಟು ಇಳೀಬೇಕು ಅಂತ ಆ 'ಕೆರೆ ೨' ಗ್ರೂಪಲ್ಲಿ ಹಾಕ್ಕೋತೀವಿ."

"ನನಗೆ ಹೇಳೋಕೇನಾಗಿತ್ತು?"

"ಹೇಳಿದ್ರೆ ನೀವು ಏನಂತಿದ್ರಿ ಅಕ್ಕ? ನೀವೇ ಹೇಳಿ."

ಏನನ್ನುತ್ತಿದ್ದೆ ಎಂದು ಇಬ್ಬರಿಗೂ ಗೊತ್ತಿತ್ತು. ನಿನ್ನನ್ನು ಯಾರು ಛೂ ಬಿಟ್ಟರು ಎನ್ನುತ್ತಿದ್ದೆ. ಬೀದಿಯಲ್ಲಿ ಸೊಪ್ಪಿನ ಗಾಡಿಯವನು ಕೂಗುತ್ತ ಹೋದ.

"ಬೇರೆಯವ್ರನ್ನ ಕೇಳಿದ್ದೂ ನಿಜ ಅಕ್ಕ" ಎಂದ ಅವನು ಆಮೇಲೆ. "ಪಿಯಾನೊ ನಮ್ ಹಂಗೆ ಇಳಿಯಲ್ವಲ್ಲ, ಅದಕ್ಕೆ ಡ್ಯಾನ್ಸ್ ಮೇಡಂ ಹೆದರ್ಕೊಂಡ್ರು. ಒಬ್ರು ಬಂದು ಒಂದಿನ ನುಡಿಸಿದ್ರು."

"ಹೇಗಿತ್ತು?"

"ಶ್ರುತಿ ಕರೆಕ್ಟಾಗಿತ್ತು. ಬೇರೇನೂ ಇರ್ಲಿಲ್ಲ. ಇವ್ರಾದ್ರೆ ನಾವಿಬ್ರೂ ಬರಲ್ಲ ಅಂತ ಹೇಳ್ಬಿಟ್ವಿ."

ನನ್ನ ಅನುಮಾನ ಪೂರ್ತಿ ಸುಳ್ಳಲ್ಲ ಎಂದು ಆ ಹೊತ್ತಿನಲ್ಲೂ ಸಮಾಧಾನವಾದದ್ದನ್ನು ಮುಚ್ಚಿಡುವುದಿಲ್ಲ. ಅದರ ಹಿಂದೆಯೇ ಸಿಟ್ಟು ಬಂತು, ಅವನ ಮೇಲಲ್ಲ, ಆ ಎರಡು ವರ್ಷದ ಚಪ್ಪಾಳೆಗಳ ಮೇಲೆ. ನನ್ನ ನಾದ ಈಗೀಗ ಇನ್ನೂ ಮಾಗಿದೆ ಎಂದು ಜನ ಹೇಳಿದಾಗೆಲ್ಲ ನಾನು ತಲೆದೂಗಿದ್ದೆ. ಇಬ್ಬರು ನನಗಾಗಿ ತಗ್ಗಿ ಕುಳಿತದ್ದರ ಫಲ ಅದು. ಮತ್ತು ನಾನು ಆ ಇಬ್ಬರ ಚೀಲ, ಫೋನು ಇಣುಕಿ ನೋಡುತ್ತಿದ್ದೆ. ಅವತ್ತು ಅತ್ತುಬಿಟ್ಟೆ. ಅವನ ಹೆಂಡತಿ ಒಳಗಿನಿಂದ ನೀರು ತಂದುಕೊಟ್ಟು, ಏನೂ ಕೇಳದೆ ಹೋದಳು.

ನರ್ತಕಿ ಮನೆಗೆ ಬಂದಳು. ನೀವು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ, ನಿಮ್ಮ ಹೆಸರು ದೊಡ್ಡದಾಗಿ ಹಾಕಿಸುತ್ತೇನೆ, ನುಡಿಸುವುದು ಬೇರೆಯವರು ನುಡಿಸಲಿ ಎಂದಳು. ಮತ್ತೆ ಆಂಟಿ ಎನ್ನುತ್ತಿದ್ದಳು, ಅಂದರೆ ಈಗ ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ನಾಳೆ ಹೇಳುತ್ತೇನೆ ಎಂದು ಕಳಿಸಿದೆ. ಎಡಗಿವಿಗೆ ಹತ್ತಿ ತುರುಕಿ ನುಡಿಸಿ ನೋಡಿದೆ. ಪಿಟೀಲು ಎದೆಗೆ ಒರಗಿರುತ್ತದೆ, ನಾದ ಮೂಳೆಯೊಳಗಿಂದಲೇ ಹೋಗಿ ಎಡಗಿವಿಗೆ ಚಾಡಿ ಹೇಳುತ್ತದೆ, ಹತ್ತಿಯಿಂದ ಪ್ರಯೋಜನವಾಗಲಿಲ್ಲ. ಆದರೆ ಒಂದು ವಿಷಯ ಗೊತ್ತಾಯಿತು. ನನ್ನ ಬೆರಳುಗಳಿಗೆ ಜಾಗ ಗೊತ್ತಿದೆ. ಐವತ್ತು ವರ್ಷದಿಂದ ಅವು ಅದೇ ಜಾಗದಲ್ಲಿ ಓಡಾಡುತ್ತಿವೆ. ತಪ್ಪುತ್ತಿದ್ದದ್ದು ನಾಲ್ಕು ತಂತಿ ಬಿಗಿಯುವಾಗ. ಅದನ್ನು ಬೇರೆ ಯಾರಾದರೂ ಸರಿಯಾಗಿ ಸೇರಿಸಿಕೊಟ್ಟು, ಆಮೇಲೆ ನಾನು ನನ್ನ ಕಿವಿಯ ಮಾತು ಕೇಳದಿದ್ದರೆ, ಆಗಬಹುದು.

ನನ್ನ ಪಿಟೀಲಿನ ತಂತಿ ಬಿಗಿಯುವ ಬಿರಡೆಗಳನ್ನು ಯಾರೂ ಮುಟ್ಟಿದ್ದಿಲ್ಲ. ಅಪ್ಪ ಮುಟ್ಟಲಿಲ್ಲ, ಬುದ್ಧಿ ಬಂದ ಮೇಲೆ ಗುರುಗಳೂ ಮುಟ್ಟಲಿಲ್ಲ. ಕಚೇರಿಯ ಮುಂಚೆ ಪಿಟೀಲನ್ನು ಕಣ್ಣಿನ ಅಳತೆಯಿಂದ ಆಚೆ ಬಿಡುತ್ತಿರಲಿಲ್ಲ, ಯಾರಾದರೂ ಬೇಕೆಂದೇ ಸಡಿಲಿಸಿಯಾರು ಎಂದು. ಶಿಷ್ಯೆಗೆ ಫೋನ್ ಮಾಡಿ, ನೀನು ಸೇರಿಸಿಕೊಡುತ್ತೀಯಾ ಎಂದು ಕೇಳಿದಾಗ ಅವಳು "ನಾನೇನ್ರೀ ಅಮ್ಮಾ?" ಎಂದು ಎರಡು ಸಲ ಕೇಳಿ ಒಪ್ಪಿಕೊಂಡಳು. ನುಡಿಸುವುದು ನಾನೇ ಎಂದು ನರ್ತಕಿಗೂ ತಿಳಿಸಿದೆ.

ಪ್ರದರ್ಶನದ ಸಂಜೆ, ಜನ ಒಳಗೆ ಬರುವ ಮುಂಚೆ, ಪಿಯಾನೊದ ಪಕ್ಕ ನಿಂತು ಪಿಟೀಲನ್ನು ಅವಳ ಕೈಗೆ ಕೊಟ್ಟೆ. ಹಿರಿಯರು ಒಂದೊಂದೇ ಸ್ವರ ಒತ್ತಿದರು, ಅವಳು ಒಂದೊಂದೇ ಬಿರಡೆ ತಿರುಗಿಸಿದಳು. ಪ್ರತಿ ತಿರುವಿಗೂ ನನ್ನ ಕೈ ಬಿರಡೆಯ ಕಡೆಗೆ ಹೋಗುತ್ತಿತ್ತು.

"ಸಾಕು, ಮೇಲೆ ಹೋಯ್ತು" ಎಂದೆ.

"ಇನ್ನೂ ಸ್ವಲ್ಪ ಬರಬೇಕ್ರೀ."

"ಮೇಲಿದೆ ಕಣೇ!"

"ಇಲ್ರೀ ಅಮ್ಮಾ. ಈಗ ಕೂಡ್ತು ನೋಡ್ರಿ."

ಕೂಡಿರಲಿಲ್ಲ. ನನ್ನ ಮಟ್ಟಿಗೆ ಅದು ಶುದ್ಧ ಅಪಶ್ರುತಿ. ಮೃದಂಗದವನು ಅವತ್ತು ಬಾಲ್ಕನಿ ಗೀಲ್ಕನಿ ಹುಡುಕದೆ ಎಲ್ಲರ ಮುಂದೆಯೇ ಕುಳಿತು ಮುಚ್ಚಿಗೆ ತಟ್ಟಿ ಶ್ರುತಿ ಮಾಡಿಕೊಂಡ. ದೀಪ ಆರಿತು.

ಬೆಳಗಿನ ಕೆರೆ. ಪಿಯಾನೊ ನಾಲ್ಕು ಸ್ವರ ಕೊಟ್ಟಿತು, ನಾನು ಶುರು ಮಾಡಿದೆ. ಎಡಗಿವಿ ಮೊದಲ ಎಳೆತದಿಂದಲೇ ಕಿರುಚಿತು, ಮೇಲಿದೆ, ಮೇಲಿದೆ, ಇಳಿ. ಬೆರಳು ತಾನಾಗಿಯೇ ಹಿಂದಕ್ಕೆ ಜಾರಲು ನೋಡಿತು. ಅದನ್ನು ಅದರ ಜಾಗದಲ್ಲೇ ಒತ್ತಿ ಹಿಡಿದೆ. ಇಷ್ಟು ವರ್ಷ ಯಾವ ಕಿವಿಯನ್ನು ನಂಬಿ ಅನ್ನ ತಿಂದೆನೋ ಅದೇ ತಪ್ಪು ಎನ್ನುವಾಗ ಕಮಾನು ಎಳೆಯುವುದು ಎಷ್ಟು ಕಷ್ಟ ಎಂದು ಹೇಳಲು ನನಗೆ ಬರುವುದಿಲ್ಲ. ನಡುವೆ ಒಂದು ಯೋಚನೆ ಬಂತು. ಉಪ್ಪಿಟ್ಟಿನ ದಿನ ಅಳಿಸಿದ್ದೆನಲ್ಲ, ಆ ಸೇಡಿಗೆ ಇವಳು ಬೇಕೆಂದೇ ಒಂದೆಳೆ ಏರಿಸಿ ಕೊಟ್ಟಿದ್ದರೆ? ಇಡೀ ಹಾಲ್ ನಗುತ್ತಿದ್ದರೆ? ತಲೆ ಎತ್ತಿ ಶಿಷ್ಯೆಯ ಕಡೆ ನೋಡಿದೆ. ಅವಳು ಕಣ್ಣು ಮುಚ್ಚಿ, ತನ್ನ ಸರದಿಗೆ ಕಾಯುತ್ತ, ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ನಾನು ಬೆರಳನ್ನು ಜರುಗಿಸಲಿಲ್ಲ. ಒಂದು ಗಂಟೆ ಜರುಗಿಸಲಿಲ್ಲ. ನನಗೆ ಕೇಳಿದ ಸಂಗೀತ ಉದ್ದಕ್ಕೂ ಹುಳಿಯಾಗಿತ್ತು. ನಾನು ಆಸೆಪಟ್ಟು ಮಾಡಿದ ಕೆರೆ ಜನರಿಗೆ ಹೇಗೆ ಕೇಳಿತೋ ಅದನ್ನು ನಾನು ಯಾವತ್ತೂ ಕೇಳಲಾರೆ.

ದೀಪ ಹತ್ತಿತು, ಜನ ಎದ್ದು ನಿಂತಿದ್ದರು. ಜನ ಸುಮ್ಮಸುಮ್ಮನೆಯೂ ಎದ್ದು ನಿಲ್ಲುತ್ತಾರೆ, ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಶಿಷ್ಯೆಯ ಕಡೆ ಬಾಗಿ ಕೇಳಿದೆ.

"ಸರಿ ಇತ್ತೇನೇ?"

"ಸರಿ ಇತ್ರೀ ಅಮ್ಮಾ."

ಯಾರ ಒಂದು ಮಾತನ್ನೂ ನಾನು ಇನ್ನೊಬ್ಬರನ್ನು ಕೇಳಿ ತಾಳೆ ನೋಡದೆ ಒಪ್ಪಿಕೊಂಡವಳಲ್ಲ. ಮೃದಂಗದವನು ಕೈಯಳತೆಯಲ್ಲೇ ಇದ್ದ, ಅವನನ್ನೂ ಕೇಳುತ್ತೇನೆ ಎಂದು ನನ್ನನ್ನೇ ನೋಡುತ್ತಿದ್ದ. ನಾನು ಕಮಾನು ಸಡಿಲಿಸಿ, ಪಿಟೀಲನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚಿದೆ.